ಮರಿಯಾ ಕ್ಯಾಲಸ್ ಅವರನ್ನು ಕೇಳುವ ಬಗೆ

ಒಪೆರಾ ಎಂದರೇನು ಎಂದು ನಿಮಗೆ ಗೊತ್ತಿಲ್ಲದಿದ್ದರೆ ಚಿಂತೆಯಿಲ್ಲ. ಇಟಾಲಿಯನ್ ಭಾಷೆ ಬಾರದಿದ್ದರೂ, ಪಾಶ್ಚಾತ್ಯ ಸ್ವರಲಿಪಿ ಓದಲು ತಿಳಿಯದಿದ್ದರೂ ತೊಂದರೆಯಿಲ್ಲ. ಕೇಳಬೇಕೆಂಬ ಆಸೆ ಮತ್ತು ಸ್ವಲ್ಪ ಬಿಡುವು, ಇವೆರಡಿದ್ದರೆ ಸಾಕು. ಇಪ್ಪತ್ತನೆಯ ಶತಮಾನದ ಒಪೆರಾ ಗಾಯಕಿಯರಲ್ಲಿ ಬಹುಶಃ ಎಲ್ಲರಿಗಿಂತ ಹೆಸರಾದ ಮರಿಯಾ ಕ್ಯಾಲಸ್ ಅವರನ್ನು ನಿಮಗೆ ಪರಿಚಯಿಸುವುದು ನನ್ನ ಉದ್ದೇಶ. ಈ ಹೆಸರನ್ನು ನೀವು ಎಲ್ಲೋ ಕೇಳಿರಬಹುದು. 2024ರಲ್ಲಿ ಏಂಜೆಲಿನಾ ಜೋಲಿ ಆಕೆಯ ಪಾತ್ರ ವಹಿಸಿದ ಚಲನಚಿತ್ರವನ್ನೂ ನೋಡಿರಬಹುದು. ಸಾಮಾನ್ಯವಾಗಿ ಆ ಹೆಸರಿನ ಬೆನ್ನಿಗೇ ಬರುವುದು ರಂಗಮಂದಿರಗಳೊಡನೆ ನಡೆದ ಜಗಳ, ಹಡಗುಗಳ ಒಡೆಯನೊಬ್ಬನ ಜೊತೆಗಿನ ಪ್ರೇಮ, ಪ್ಯಾರಿಸ್‌ನಲ್ಲಿ ಕಳೆದ ಒಂಟಿ ದಿನಗಳು. ಅವೆಲ್ಲ ನಡೆದದ್ದೇ. ಆದರೆ ಆಕೆಯ ಹಾಡನ್ನು ಕೇಳಲು ಕೂತಾಗ ಅವುಗಳಿಂದ ನಿಮಗೆ ಯಾವ ನೆರವೂ ಸಿಗದು. ಆದ್ದರಿಂದ ನಾವು ಬೇರೆ ಕಡೆಯಿಂದ ಆರಂಭಿಸೋಣ: ಆಕೆ ಹಾಡಿದ್ದು ಏನನ್ನು, ಹೇಗೆ?

ಮೊದಲು ಒಪೆರಾ. ಅದು ಹಾಡಿನಲ್ಲೇ ನಡೆಯುವ ನಾಟಕ. ಸುಮಾರು 1600ರ ಹೊತ್ತಿಗೆ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಹುಟ್ಟಿತು. 1607ರಲ್ಲಿ ಮಾಂಟೆವೆರ್ದಿ ಎಂಬ ಸಂಗೀತಗಾರ ರಚಿಸಿದ 'ಓರ್ಫೆಯೊ' ಇಂದಿಗೂ ರಂಗದ ಮೇಲೆ ಬರುತ್ತದೆ. ನಮ್ಮ ಯಕ್ಷಗಾನದಲ್ಲಿ ಭಾಗವತರು ಪದ ಹಾಡುತ್ತಾರೆ, ವೇಷಧಾರಿ ಕುಣಿದು ಅರ್ಥ ಹೇಳುತ್ತಾನೆ. ಒಪೆರಾದಲ್ಲಿ ಈ ಎರಡು ಕೆಲಸಗಳೂ ಒಬ್ಬರ ಮೇಲೆಯೇ ಬೀಳುತ್ತವೆ. ರಾಣಿಯ ಪಾತ್ರಧಾರಿಯೇ ಹಾಡಬೇಕು, ಅಳಬೇಕು, ಮೋಸ ಹೋಗಬೇಕು, ಕೊನೆಗೆ ಸಾಯುವಾಗಲೂ ಹಾಡುತ್ತಲೇ ಸಾಯಬೇಕು. ರಂಗದ ಮುಂದಿನ ತಗ್ಗಿನಲ್ಲಿ ಐವತ್ತು, ಅರವತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ವಾದ್ಯಗಾರರು ಕೂತಿರುತ್ತಾರೆ. ಅವರನ್ನೂ ಗಾಯಕರನ್ನೂ ಕೈಸನ್ನೆಯಿಂದ ಒಟ್ಟಿಗೆ ನಡೆಸುವವರು ಕಂಡಕ್ಟರ್.

ಇನ್ನು ಮೂರು ಪದಗಳನ್ನು ತಿಳಿದುಕೊಂಡರೆ ಮುಂದಿನ ದಾರಿ ಸಲೀಸು. ಹಾಡಬೇಕಾದ ನಾಟಕದ ಮಾತುಗಳ ಪಠ್ಯಕ್ಕೆ 'ಲಿಬ್ರೆಟೊ' ಎನ್ನುತ್ತಾರೆ. ಕಥೆಯನ್ನು ಮುಂದಕ್ಕೆ ಒಯ್ಯುವ, ಆಡುಮಾತಿನ ಲಯಕ್ಕೆ ಹತ್ತಿರವಾದ ಭಾಗ 'ರೆಚಿಟಾಟಿವೊ'. ಕಥೆ ಒಂದೆಡೆ ನಿಂತು, ಪಾತ್ರ ತನ್ನ ಮನಸ್ಸನ್ನು ತೋಡಿಕೊಳ್ಳುವ ಪೂರ್ಣ ಪ್ರಮಾಣದ ಹಾಡು 'ಏರಿಯಾ'. ಹೊಸಬರು ಏರಿಯಾಗಳನ್ನು ಮಾತ್ರ ಆರಿಸಿ ಕೇಳುವುದುಂಟು, ಅದು ಸಹಜ. ಆದರೆ ಕ್ಯಾಲಸ್ ಅವರ ವಿಷಯದಲ್ಲಿ ಹಾಗೆ ಮಾಡಿದರೆ ಅರ್ಧದಷ್ಟು ಕೈತಪ್ಪುತ್ತದೆ. ಬೇರೆಯವರು ಆತುರದಲ್ಲಿ ದಾಟಿ ಹೋಗುವ ರೆಚಿಟಾಟಿವೊ ಭಾಗದಲ್ಲೇ ಆಕೆಯ ನಿಜವಾದ ಸತ್ವವಿದೆ.

ಈಗ ದನಿ. ಒಪೆರಾದಲ್ಲಿ ದನಿಗಳನ್ನು ಎತ್ತರಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಹೆಣ್ಣು ದನಿಗಳಲ್ಲಿ ಎತ್ತರದ್ದು ಸೊಪ್ರಾನೊ, ನಡುವಿನದು ಮೆಟ್ಸೊ-ಸೊಪ್ರಾನೊ, ತಗ್ಗಿನದು ಕಾಂಟ್ರಾಲ್ಟೊ. ಗಂಡು ದನಿಗಳಲ್ಲಿ ಕ್ರಮವಾಗಿ ಟೆನರ್, ಬ್ಯಾರಿಟೋನ್, ಬಾಸ್. ಹತ್ತೊಂಬತ್ತನೆಯ ಶತಮಾನದ ಇಟಾಲಿಯನ್ ಒಪೆರಾಗಳಲ್ಲಿ ಸಾಮಾನ್ಯವಾಗಿ ನಾಯಕಿ ಸೊಪ್ರಾನೊ, ಆಕೆಯ ಪ್ರೇಮಿ ಟೆನರ್, ಅವರಿಬ್ಬರ ನಡುವೆ ಅಡ್ಡ ಬರುವವನು ಬ್ಯಾರಿಟೋನ್. ಇಷ್ಟು ನೆನಪಿದ್ದರೆ ಕಥೆ ಗೊತ್ತಿಲ್ಲದೆಯೇ ಯಾರು ಯಾರೆಂದು ನೀವು ಊಹಿಸಬಹುದು.

ಈ ಗಾಯಕರು ಮೈಕ್ ಬಳಸುವುದಿಲ್ಲ ಎಂಬುದನ್ನು ದಯವಿಟ್ಟು ಗಮನದಲ್ಲಿಡಿ. ಎರಡು ಸಾವಿರ ಜನ ಕೂತ ಮಂದಿರದ ಕೊನೆಯ ಸಾಲಿಗೂ, ಇಡೀ ವಾದ್ಯವೃಂದವನ್ನು ದಾಟಿ, ಬರಿಯ ಉಸಿರಿನ ಹಿಡಿತದಿಂದ ಮತ್ತು ಬಾಯಿ ಗಂಟಲುಗಳನ್ನು ಅಣಿಗೊಳಿಸುವ ಕ್ರಮದಿಂದ ದನಿ ಮುಟ್ಟಬೇಕು. ಒಪೆರಾ ದನಿ ನಮ್ಮ ಕಿವಿಗೆ ಮೊದಮೊದಲು ವಿಚಿತ್ರವಾಗಿ, ತುಂಬಿ ಕಂಪಿಸುವಂತೆ ಕೇಳಿಸಲು ಇದೇ ಮುಖ್ಯ ಕಾರಣ. ಆ ಕಂಪನಕ್ಕೆ ವೈಬ್ರಾಟೊ ಎಂದು ಹೆಸರು. ಅದು ಶ್ರುತಿದೋಷವಲ್ಲ, ಹದವಾಗಿದ್ದಾಗ ದನಿಗೆ ಜೀವ ಕೊಡುತ್ತದೆ, ಹದ ಮೀರಿದಾಗ ದನಿ ತೂಗಾಡುತ್ತದೆ. ಈ ವ್ಯತ್ಯಾಸ ಮುಂದೆ ನಮಗೆ ಬೇಕಾಗುತ್ತದೆ.

ಕ್ಯಾಲಸ್ ಹುಟ್ಟಿದ್ದು 1923ರ ಡಿಸೆಂಬರ್ 2ರಂದು, ನ್ಯೂಯಾರ್ಕ್‌ನಲ್ಲಿ. ತಂದೆ ತಾಯಿ ಅದೇ ವರ್ಷ ಗ್ರೀಸ್‌ನಿಂದ ಬಂದು ನೆಲೆಸಿದವರು. ಮನೆತನದ ಹೆಸರು ಕಲೊಗೆರೊಪೌಲೋಸ್. ಅಮೆರಿಕದವರ ನಾಲಿಗೆಗೆ ಅದು ಹೊರಳದೆ, ತಂದೆ ಅದನ್ನು ಮೊಟಕುಗೊಳಿಸಿದರು. ಅವರು ಔಷಧಿ ಅಂಗಡಿ ಇಟ್ಟಿದ್ದರು. ತಾಯಿಗೆ ಮಕ್ಕಳನ್ನು ಸಂಗೀತದಲ್ಲಿ ಮುಂದೆ ತರುವ ಛಲ. 1937ರಲ್ಲಿ ಆಕೆ ಗಂಡನನ್ನು ಬಿಟ್ಟು, ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಅಥೆನ್ಸ್‌ಗೆ ಮರಳಿದರು. ಮರಿಯಾಗೆ ಆಗ ಹದಿಮೂರು ವರ್ಷ. ತಾಯಿ ಮತ್ತು ಮಗಳ ನಡುವಿನ ಕಹಿ ಮುಂದೆ ಎಂದೂ ಅಳಿಸಲಿಲ್ಲ.

ಅಥೆನ್ಸ್‌ನಲ್ಲಿ ಆಕೆಗೆ ಮೊದಲು ಮರಿಯಾ ತ್ರಿವೆಲ್ಲಾ, ಅನಂತರ ಎಲ್ವಿರಾ ದೆ ಇದಾಲ್ಗೊ ಎಂಬ ಸ್ಪೇನ್ ದೇಶದ ಸೊಪ್ರಾನೊ ಗುರುವಾಗಿ ಸಿಕ್ಕಿದರು. ದೆ ಇದಾಲ್ಗೊ ಅವರ ಪಾಠ ಬೆಳಿಗ್ಗೆ ಹತ್ತಕ್ಕೆ ಆರಂಭವಾಗುತ್ತಿತ್ತು. ಮರಿಯಾ ಮೊದಲ ಪಾಠಕ್ಕೇ ಹಾಜರಾಗಿ ಕೊನೆಯ ಶಿಷ್ಯನ ಪಾಠ ಮುಗಿಯುವವರೆಗೂ ಅಲ್ಲೇ ಕೂತಿರುತ್ತಿದ್ದರು. ಬೇರೆಯವರ ಪಾಠಗಳನ್ನು ಕೂಡ, ಅವು ತನ್ನ ದನಿಗೆ ಸಂಬಂಧಪಡದವಾದರೂ, ಕೇಳುತ್ತಿದ್ದರು. ಪ್ರತಿಭೆ ಸಾಲದ ಶಿಷ್ಯರಿಂದಲೂ ಕಲಿಯುವುದಿರುತ್ತದೆ ಎಂದು ಆಕೆ ಮುಂದೆ ಹೇಳುತ್ತಿದ್ದರು. ಒಬ್ಬ ಶಿಕ್ಷಕನಾಗಿ ನನಗೆ ಆಕೆಯ ಬದುಕಿನಲ್ಲಿ ಎಲ್ಲಕ್ಕಿಂತ ಪ್ರಿಯವಾದ ಸಂಗತಿ ಇದು. ಅನಂತರದ ಕೀರ್ತಿಯ ಬೇರುಗಳೆಲ್ಲ ಆ ಕೋಣೆಯಲ್ಲೇ ಇವೆ ಎಂದು ನಾನು ನಂಬಿದ್ದೇನೆ.

ಆ ಗುರು ಕಲಿಸಿದ್ದು 'ಬೆಲ್ ಕಾಂಟೊ'. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ರಾಸಿನಿ, ಬೆಲ್ಲಿನಿ, ದೊನಿಜೆಟ್ಟಿ ಎಂಬ ಮೂವರು ಇಟಾಲಿಯನ್ ರಚನಕಾರರ ಕಾಲದಲ್ಲಿ ಉತ್ತುಂಗಕ್ಕೇರಿದ ಗಾಯನಪದ್ಧತಿಯನ್ನು ಈ ಹೆಸರಿನಿಂದ ಕರೆಯುತ್ತಾರೆ. ಒಂದು ಸ್ವರದಿಂದ ಇನ್ನೊಂದಕ್ಕೆ ಬಿರುಕಿಲ್ಲದಂತೆ ಬೆಸೆದು ಹಾಡುವುದು, ವೇಗದ ಸ್ವರಮಾಲೆಗಳನ್ನು ಒಂದೊಂದು ಮಣಿಯೂ ಬಿಡಿಯಾಗಿ ಕೇಳುವಂತೆ ಹೆಣೆಯುವುದು, ಅಕ್ಕಪಕ್ಕದ ಎರಡು ಸ್ವರಗಳ ನಡುವೆ ಶೀಘ್ರವಾಗಿ ತುಯ್ದಾಡುವ 'ಟ್ರಿಲ್' ಎಂಬ ಅಲಂಕಾರ, ಒಂದೇ ಉಸಿರಿನಲ್ಲಿ ದನಿಯನ್ನು ಹಿಗ್ಗಿಸಿ ಮತ್ತೆ ಕುಗ್ಗಿಸುವುದು, ಇವೆಲ್ಲ ಅದರ ಪಾಠಗಳು. ಕ್ಯಾಲಸ್ ಅವರದು ಅಷ್ಟು ಹೊತ್ತಿಗಾಗಲೇ ದೊಡ್ಡ, ಗಾಢವಾದ ದನಿ. ಅಂಥ ದನಿಗೆ ಇಂಥ ನಾಜೂಕಿನ ಕೆಲಸವನ್ನು ಸಾಮಾನ್ಯವಾಗಿ ಯಾರೂ ಕಲಿಸುವುದಿಲ್ಲ. ದೆ ಇದಾಲ್ಗೊ ಕಲಿಸಿದರು.

ಕಾಲ ಒಳ್ಳೆಯದಾಗಿರಲಿಲ್ಲ. 1941ರಲ್ಲಿ ಜರ್ಮನ್ ಮತ್ತು ಇಟಾಲಿಯನ್ ಸೇನೆಗಳು ಗ್ರೀಸನ್ನು ವಶಪಡಿಸಿಕೊಂಡವು. ಆ ಚಳಿಗಾಲದಲ್ಲಿ ಅಥೆನ್ಸ್‌ನಲ್ಲಿ ಭೀಕರ ಬರಗಾಲ. 1942ರ ಆಗಸ್ಟ್‌ನಲ್ಲಿ, ಅಂಥ ನಗರದಲ್ಲಿ, ಹದಿನೆಂಟು ವರ್ಷದ ಮರಿಯಾ ಪುಚ್ಚೀನಿಯ 'ತೊಸ್ಕಾ' ಒಪೆರಾದ ನಾಯಕಿಯಾಗಿ ಹಾಡಿದರು. 1944ರಲ್ಲಿ ಆಕ್ರೊಪೊಲಿಸ್ ಬೆಟ್ಟದ ಬುಡದ ಪ್ರಾಚೀನ ಬಯಲು ರಂಗಮಂದಿರದಲ್ಲಿ ಬೇಥೋವನ್‌ನ 'ಫಿದೆಲಿಯೊ' ಹಾಡಿದರು. ಯುದ್ಧ ಮುಗಿದ ಮೇಲೆ 1945ರಲ್ಲಿ ನ್ಯೂಯಾರ್ಕ್‌ಗೆ ಹಿಂತಿರುಗಿದರೆ ಅಲ್ಲಿ ಯಾರೂ ಕಾದಿರಲಿಲ್ಲ. ಎರಡು ವರ್ಷ ಹೆಚ್ಚೇನೂ ಕೆಲಸವಿಲ್ಲದೆ ಕಳೆಯಿತು.

ತಿರುವು ಬಂದದ್ದು 1947ರ ಆಗಸ್ಟ್‌ನಲ್ಲಿ, ಇಟಲಿಯ ವೆರೋನಾದಲ್ಲಿ. ಅಲ್ಲಿ ರೋಮನ್ನರ ಕಾಲದ ಕಲ್ಲಿನ ಬಯಲು ಮಂದಿರವಿದೆ. ಬೇಸಿಗೆಯ ರಾತ್ರಿಗಳಲ್ಲಿ ಸಾವಿರಾರು ಜನ ಅಲ್ಲಿ ಒಪೆರಾ ಕೇಳುತ್ತಾರೆ. ಕ್ಯಾಲಸ್ ಹಾಡಿದ್ದು ಪೊಂಕಿಯೆಲ್ಲಿಯ 'ಲಾ ಜಿಯೊಕೊಂಡಾ'. ಅಲ್ಲಿ ಆಕೆಗೆ ಇಬ್ಬರು ಸಿಕ್ಕಿದರು. ಒಬ್ಬರು ಜೊವಾನಿ ಬತ್ತಿಸ್ತಾ ಮೆನೆಗಿನಿ ಎಂಬ ಇಟ್ಟಿಗೆ ಉದ್ಯಮಿ. 1949ರಲ್ಲಿ ಅವರನ್ನೇ ಮದುವೆಯಾದರು. ಇನ್ನೊಬ್ಬರು ತುಲ್ಲಿಯೊ ಸೆರಫಿನ್. ಆ ರಾತ್ರಿಯ ಕಂಡಕ್ಟರ್, ಆಗಲೇ ಅರವತ್ತೆಂಟು ದಾಟಿದ ಹಿರಿಯರು. ನನ್ನ ಮಟ್ಟಿಗೆ ಈ ಎರಡನೆಯ ಭೇಟಿಯೇ ಹೆಚ್ಚಿನದು. ರಂಗದ ಮೇಲೆ ಯಾವ ಚಲನೆ ಬೇಕು, ಯಾವ ನೋಟ ಬೇಕು ಎಂದು ತಿಳಿಯಬೇಕಾದರೆ ಸಂಗೀತಕ್ಕೆ ಕಿವಿಗೊಡು, ರಚನಕಾರ ಅದನ್ನು ಆಗಲೇ ಅಲ್ಲಿ ಇಟ್ಟಿರುತ್ತಾನೆ ಎಂದು ಸೆರಫಿನ್ ಆಕೆಗೆ ಹೇಳಿದ್ದರು. ಈ ಮಾತನ್ನು ಕ್ಯಾಲಸ್ ತಮ್ಮ ಸಂದರ್ಶನಗಳಲ್ಲಿ ಕೃತಜ್ಞತೆಯಿಂದ ನೆನೆಯುತ್ತಿದ್ದರು.

ಈಗ 1949ರ ಜನವರಿ. ವೆನಿಸ್ ನಗರದ ಲಾ ಫೆನಿಚೆ ಮಂದಿರ. ಇಲ್ಲಿ ನಡೆದದ್ದನ್ನು ನಿಧಾನವಾಗಿ ನೋಡಬೇಕು. ಒಪೆರಾ ಲೋಕ ಇಂದಿಗೂ ಅದನ್ನು ಬೆರಗಿನಿಂದ ಹೇಳಿಕೊಳ್ಳುತ್ತದೆ. ಕ್ಯಾಲಸ್ ಅಲ್ಲಿ ವಾಗ್ನರ್‌ನ 'ವಾಲ್ಕ್ಯೂರೆ'ಯಲ್ಲಿ ಬ್ರೂನ್‌ಹಿಲ್ಡೆಯ ಪಾತ್ರ ಹಾಡುತ್ತಿದ್ದರು. ವಾಗ್ನರ್ ಜರ್ಮನ್ ರಚನಕಾರ. ಆತನ ವಾದ್ಯವೃಂದ ಬೃಹತ್ತಾದದ್ದು. ಅದರ ಮೇಲೆ ಕೇಳಿಸಲು ಉಕ್ಕಿನಂಥ ದನಿ ಬೇಕು. ಅದೇ ಋತುವಿನಲ್ಲಿ, ಅದೇ ಮಂದಿರದಲ್ಲಿ, ಸೆರಫಿನ್ ಅವರೇ ನಡೆಸಬೇಕಿದ್ದ ಮತ್ತೊಂದು ಒಪೆರಾ ಬೆಲ್ಲಿನಿಯ 'ಇ ಪುರಿಟಾನಿ'. ಅದರ ನಾಯಕಿ ಎಲ್ವಿರಾಗೆ ಬೇಕಾದದ್ದು ತೀರ ಬೇರೆ ಬಗೆಯ ದನಿ: ಹಗುರ, ಚುರುಕು, ಅಲಂಕಾರಗಳಲ್ಲಿ ನುರಿತದ್ದು. ಆ ಪಾತ್ರ ಹಾಡಬೇಕಿದ್ದ ಮಾರ್ಗೆರಿಟಾ ಕರೋಸಿಯೊ ಜ್ವರದಿಂದ ಮಲಗಿದರು. ಬದಲಿಗೆ ಯಾರೂ ಸಿಗಲಿಲ್ಲ. ಸೆರಫಿನ್ ಆ ಪಾತ್ರವನ್ನು ಕ್ಯಾಲಸ್‌ಗೆ ವಹಿಸಿದರು. ಆಕೆಗೆ ಆ ಪಾತ್ರ ಗೊತ್ತಿರಲಿಲ್ಲ. ಬ್ರೂನ್‌ಹಿಲ್ಡೆಯ ಪ್ರದರ್ಶನಗಳು ಇನ್ನೂ ನಡೆಯುತ್ತಿದ್ದವು. ಒಂದು ವಾರದೊಳಗೆ, ಒಂದು ಕಡೆ ವಾಗ್ನರ್ ಹಾಡುತ್ತ ಇನ್ನೊಂದು ಕಡೆ ಬೆಲ್ಲಿನಿಯನ್ನು ಬಾಯಿಪಾಠ ಮಾಡುತ್ತ, ಆಕೆ ಎಲ್ವಿರಾ ಆಗಿ ರಂಗಕ್ಕೆ ಬಂದರು. ಜನ ನಂಬಲಿಲ್ಲ, ಆಮೇಲೆ ನಂಬದೆ ಗತ್ಯಂತರವಿರಲಿಲ್ಲ.

ಇದನ್ನು ಕೇವಲ ಸಾಹಸದ ಕಥೆಯಾಗಿ ಓದಬೇಡಿ. ಅದರ ಪರಿಣಾಮ ಹೆಚ್ಚು ದೊಡ್ಡದು. ಬೆಲ್ ಕಾಂಟೊ ಒಪೆರಾಗಳಲ್ಲಿ ಬಹಳಷ್ಟು ಅಷ್ಟು ಹೊತ್ತಿಗೆ ಮೂಲೆ ಸೇರಿದ್ದವು. ಉಳಿದವುಗಳನ್ನು ಹಗುರ ದನಿಯ ಗಾಯಕಿಯರು ತಮ್ಮ ಕಂಠದ ಚಮತ್ಕಾರ ತೋರಿಸಲು ಹಾಡುತ್ತಿದ್ದರು. ಆ ಅಲಂಕಾರಗಳಿಗೆ ಅರ್ಥವಿದೆ, ವೇಗದ ಸ್ವರಮಾಲೆಯೊಂದು ನಾಯಕಿಯ ಹುಚ್ಚನ್ನೋ ದಿಗಿಲನ್ನೋ ಹೇಳುತ್ತಿದೆ ಎಂದು ಜನರಿಗೆ ಮನದಟ್ಟು ಮಾಡಿಸಿದವರು ಕ್ಯಾಲಸ್. ಮುಂದಿನ ಹತ್ತು ವರ್ಷಗಳಲ್ಲಿ ರಾಸಿನಿಯ 'ಆರ್ಮಿದಾ', ಕೆರುಬಿನಿಯ 'ಮೆದೆಯಾ', ದೊನಿಜೆಟ್ಟಿಯ 'ಅನ್ನಾ ಬೊಲೆನಾ', ಬೆಲ್ಲಿನಿಯ 'ಇಲ್ ಪಿರಾಟಾ' ಇಂಥ ಮರೆತುಹೋದ ಕೃತಿಗಳು ಆಕೆಗಾಗಿಯೇ ಮತ್ತೆ ರಂಗಕ್ಕೆ ಬಂದವು. 1952ರಲ್ಲಿ ಲಂಡನ್ನಿನ ಕವೆಂಟ್ ಗಾರ್ಡನ್ ಮಂದಿರದಲ್ಲಿ ಆಕೆ 'ನಾರ್ಮಾ' ಹಾಡಿದಾಗ, ಸಖಿಯ ಪುಟ್ಟ ಪಾತ್ರದಲ್ಲಿ ಜೋನ್ ಸದರ್ಲೆಂಡ್ ಎಂಬ ಆಸ್ಟ್ರೇಲಿಯಾದ ಯುವತಿ ಇದ್ದರು. ಮುಂದೆ ಅವರೇ ಬೆಲ್ ಕಾಂಟೊದ ಮಹಾಗಾಯಕಿಯಾದರು. ಸ್ಪೇನ್‌ನ ಮೊಂಟ್ಸೆರಾಟ್ ಕಬಾಯೆ, ಅಮೆರಿಕದ ಬೆವರ್ಲಿ ಸಿಲ್ಸ್ ಕೂಡ ಕ್ಯಾಲಸ್ ತೆರೆದ ಬಾಗಿಲಿನಿಂದಲೇ ಒಳಗೆ ಬಂದವರು.

1951ರ ಡಿಸೆಂಬರ್ 7ರಂದು ಆಕೆ ಮಿಲಾನ್‌ನ ಲಾ ಸ್ಕಾಲಾ ಮಂದಿರದ ಋತುವನ್ನು ವೆರ್ದಿಯ 'ಇ ವೆಸ್ಪ್ರಿ ಸಿಚಿಲಿಯಾನಿ'ಯಿಂದ ಆರಂಭಿಸಿದರು. ಲಾ ಸ್ಕಾಲಾ 1778ರಲ್ಲಿ ಕಟ್ಟಿದ ಮಂದಿರ. ಇಟಾಲಿಯನ್ ಒಪೆರಾಕ್ಕೆ ಅದಕ್ಕಿಂತ ದೊಡ್ಡ ವೇದಿಕೆಯಿಲ್ಲ. ಅಲ್ಲಿಂದ ಮುಂದಿನ ಆರೇಳು ವರ್ಷ ಆಕೆಯದೇ ರಾಜ್ಯಭಾರ. ಅದೇ ಕಾಲದಲ್ಲಿ ಅಲ್ಲಿ ರೆನಾಟಾ ತೆಬಾಲ್ದಿ ಎಂಬ ಇನ್ನೊಬ್ಬ ಸೊಪ್ರಾನೊ ಇದ್ದರು. ಅವರದು ಬೆಣ್ಣೆಯಂಥ ತುಂಬು ದನಿ. ಇಬ್ಬರ ಅಭಿಮಾನಿಗಳ ನಡುವೆ ಮಾರಾಮಾರಿ ಎನ್ನುವಷ್ಟು ಜಗಳ. ಬರಿಯ ದನಿಯ ಸೌಂದರ್ಯವೇ ಅಳತೆಗೋಲಾದರೆ ತೆಬಾಲ್ದಿ ಮೇಲು ಎಂದು ನಾನೂ ಒಪ್ಪುತ್ತೇನೆ. ನೀವೂ ಕೇಳಿ ನೋಡಿ, ಬಹುಶಃ ಒಪ್ಪುತ್ತೀರಿ.

ಕ್ಯಾಲಸ್ ಅವರ ದನಿ ಹಾಗಿರಲಿಲ್ಲ. ಅದರ ವ್ಯಾಪ್ತಿ ಮೂರು ಸ್ಥಾಯಿಗಳಿಗೆ ಸಮೀಪ. ಆದರೆ ಮಂದ್ರದಲ್ಲಿ ಒಂದು ಬಣ್ಣ, ನಡುವಿನಲ್ಲಿ ಮಬ್ಬು ಕವಿದಂಥ ಇನ್ನೊಂದು ಬಣ್ಣ, ತಾರದಲ್ಲಿ ಕತ್ತಿಯಂಥ ಮತ್ತೊಂದು. ಮೂವರು ಗಾಯಕಿಯರನ್ನು ಒಂದು ಕಂಠದಲ್ಲಿ ಸೇರಿಸಿದಂತಿದೆ ಎಂದು ವಿಮರ್ಶಕರು ದೂರಿದ್ದರು. ಹೊಸಬರಿಗೆ ಮೊದಲ ಸಲ ಆ ದನಿ ಒರಟೆನಿಸಿದರೆ ಆಶ್ಚರ್ಯವಿಲ್ಲ. ಆಕೆ ಮಾಡಿದ್ದೇನೆಂದರೆ, ಆ ಮೂರು ಬಣ್ಣಗಳನ್ನು ಮೂರು ಭಾವಗಳಿಗೆ ಬಳಸಿಕೊಂಡರು. ಪಾತ್ರ ಬೆದರಿಸುವಾಗ ಎದೆಯಿಂದ ಬರುವ ಗಾಢ ಸ್ವರ, ಬೇಡುವಾಗ ಆ ಮಬ್ಬಿನ ನಡುದನಿ, ಸೀಳಿಹೋದಾಗ ಆ ಕತ್ತಿ.

ಇದನ್ನು ಒಂದು ಕ್ಷಣದಲ್ಲಿ ತೋರಿಸುತ್ತೇನೆ. ವೆರ್ದಿಯ 'ಲಾ ತ್ರಾವಿಯಾತಾ' 1853ರಲ್ಲಿ ವೆನಿಸ್‌ನಲ್ಲಿ ಮೊದಲು ಪ್ರದರ್ಶನಗೊಂಡದ್ದು. ನಾಯಕಿ ವಿಯೊಲೆಟ್ಟಾ ಪ್ಯಾರಿಸ್ಸಿನ ವಿಲಾಸಿ ವಲಯದಲ್ಲಿ ಬದುಕಿದವಳು, ಕ್ಷಯರೋಗಿ. ಆಲ್ಫ್ರೆದೊ ಎಂಬ ತರುಣನನ್ನು ಮನಸಾರೆ ಪ್ರೀತಿಸಿ, ಹಳೆಯ ಬದುಕನ್ನು ಬಿಟ್ಟು ಹಳ್ಳಿಯ ಮನೆಯಲ್ಲಿ ಅವನೊಡನೆ ಇದ್ದಾಳೆ. ಎರಡನೆಯ ಅಂಕದಲ್ಲಿ ಅವನ ತಂದೆ ಬರುತ್ತಾನೆ. ನಿನ್ನಿಂದ ನಮ್ಮ ಮನೆತನದ ಹೆಸರು ಕೆಡುತ್ತದೆ, ನನ್ನ ಮಗಳ ಮದುವೆ ಮುರಿಯುತ್ತದೆ, ನನ್ನ ಮಗನನ್ನು ಬಿಟ್ಟುಬಿಡು ಎಂದು ಕೇಳುತ್ತಾನೆ. ಮೊದಲು ಆಕೆ ವಾದಿಸುತ್ತಾಳೆ, ಬೇಡುತ್ತಾಳೆ, ಅಳುತ್ತಾಳೆ. ಆಮೇಲೆ ಒಂದು ಗಳಿಗೆಯಲ್ಲಿ ಸೋಲೊಪ್ಪುತ್ತಾಳೆ. ಆ ಹುಡುಗಿಗೆ ನನ್ನ ತ್ಯಾಗದ ವಿಷಯ ತಿಳಿಸಿ ಎನ್ನುತ್ತಾಳೆ. ಆ ಸಾಲು ಆರಂಭವಾಗುವ ಮುನ್ನ ಒಂದು ದೀರ್ಘ ಸ್ವರವಿದೆ, ನಿಟ್ಟುಸಿರಿನಂಥದು. ಬಹುಪಾಲು ಗಾಯಕಿಯರು ಅದನ್ನು ಚೆಂದವಾಗಿ ಹಿಡಿದು ಮುಂದಕ್ಕೆ ಹೋಗುತ್ತಾರೆ. 1958ರ ಮಾರ್ಚ್‌ನಲ್ಲಿ ಲಿಸ್ಬನ್‌ನಲ್ಲಿ ನಡೆದ ಪ್ರದರ್ಶನದ ಧ್ವನಿಮುದ್ರಣದಲ್ಲಿ ಕ್ಯಾಲಸ್ ಅದನ್ನು ಹಾಡುವುದನ್ನು ಕೇಳಿ. ಸ್ವರ ತೀರ ಸಣ್ಣ, ಯಾವುದರ ಆಸರೆಯೂ ಇಲ್ಲದೆ ಗಾಳಿಯಲ್ಲಿ ನಿಂತಿರುತ್ತದೆ. ಆ ಒಂದು ಸ್ವರ ಶುರುವಾಗುವಾಗ ವಿಯೊಲೆಟ್ಟಾಗೆ ಇನ್ನೂ ಆಸೆಯಿದೆ. ಮುಗಿಯುವಾಗ ಇಲ್ಲ. ಮಾತಿನಲ್ಲಿ ಹೇಳಿದರೆ ಉತ್ಪ್ರೇಕ್ಷೆಯಂತೆ ಕಾಣಬಹುದು. ಕೇಳಿದ ಮೇಲೆ ನೀವೇ ತೀರ್ಮಾನಿಸಿ.

ಇದೇ ಪಾತ್ರವನ್ನು ಆಕೆ 1955ರ ಮೇ ತಿಂಗಳಲ್ಲಿ ಲಾ ಸ್ಕಾಲಾದಲ್ಲಿ, ಚಲನಚಿತ್ರ ನಿರ್ದೇಶಕ ಲೂಕಿನೊ ವಿಸ್ಕಾಂಟಿ ಅವರ ರಂಗನಿರ್ದೇಶನದಲ್ಲಿ ಹಾಡಿದ್ದರು. ಮೊದಲ ಅಂಕದ ಕೊನೆಗೆ ಅತಿಥಿಗಳೆಲ್ಲ ಹೋದ ಮೇಲೆ ಒಬ್ಬಳೇ ಉಳಿದ ವಿಯೊಲೆಟ್ಟಾ ಕಾಲಿನ ಬೂಟುಗಳನ್ನು ಕಳಚಿ ಎಸೆದು ಹಾಡಿದಳು. ಅದು ಕೆಲವರಿಗೆ ಅಪಚಾರವೆನಿಸಿತು. ದಣಿದ ಹೆಣ್ಣೊಬ್ಬಳು ತನ್ನ ಮನೆಯಲ್ಲಿ ಮತ್ತೇನು ಮಾಡುತ್ತಾಳೆ ಎಂದು ಕೇಳಿದವರೂ ಇದ್ದರು. ಒಪೆರಾ ಗಾಯಕಿ ರಂಗದ ನಡುವೆ ನೆಟ್ಟ ಕಂಬದಂತೆ ನಿಂತು ಹಾಡಿದರೆ ಸಾಕೆಂಬ ಕಾಲ ಅಲ್ಲಿಂದಾಚೆಗೆ ಕಳೆಯುತ್ತ ಬಂತು.

ಇನ್ನೊಂದು ಸಂಗತಿ ಹೇಳಲೇಬೇಕು. ಕ್ಯಾಲಸ್‌ಗೆ ತೀವ್ರವಾದ ಸಮೀಪದೃಷ್ಟಿ. ಕನ್ನಡಕವಿಲ್ಲದೆ ರಂಗದ ಮೇಲೆ ನಿಂತರೆ ಕಂಡಕ್ಟರ್ ಅವರ ಕೈ ಸರಿಯಾಗಿ ಕಾಣುತ್ತಿರಲಿಲ್ಲ. ಬೇರೆ ಗಾಯಕರು ಎಲ್ಲಿ ಎತ್ತಿಕೊಳ್ಳಬೇಕೆಂದು ಆ ಕೈಯನ್ನು ನೋಡಿ ತಿಳಿಯುತ್ತಾರೆ. ಆಕೆ ಇಡೀ ಸ್ವರಲಿಪಿಯನ್ನು, ತನ್ನ ಭಾಗವನ್ನು ಮಾತ್ರವಲ್ಲ ಎಲ್ಲರ ಭಾಗವನ್ನೂ ವಾದ್ಯಗಳ ಭಾಗವನ್ನೂ ಮೊದಲೇ ಮನಸ್ಸಿಗೆ ಇಳಿಸಿಕೊಂಡು ಬರಬೇಕಿತ್ತು. ಹಾಗೆ ಬರುತ್ತಿದ್ದರು. ಎದುರಿನವರನ್ನು ನೋಡುವ ಬದಲು ಕೇಳುತ್ತಿದ್ದರು. ಆಕೆಯ ಹಾಡಿನಲ್ಲಿ ನಮಗೆ ಕಾಣುವ ಎಚ್ಚರದ ಒಂದು ಮೂಲ ಇಲ್ಲಿದೆ ಎಂಬುದು ನನ್ನ ಎಣಿಕೆ.

ಆಕೆಗೆ ಎಲ್ಲಕ್ಕಿಂತ ಹೆಚ್ಚು ಒಗ್ಗಿದ ಪಾತ್ರ ನಾರ್ಮಾ. ಬೆಲ್ಲಿನಿಯ ಈ ಒಪೆರಾ 1831ರದು. ರೋಮನ್ನರ ಆಳ್ವಿಕೆಯಲ್ಲಿರುವ ಗಾಲ್ ದೇಶದ ಪೂಜಾರಿಣಿ ನಾರ್ಮಾ, ವ್ರತ ಮುರಿದು ರೋಮನ್ ಅಧಿಕಾರಿಯೊಬ್ಬನನ್ನು ಪ್ರೀತಿಸಿದ್ದಾಳೆ; ಗುಟ್ಟಾಗಿ ಎರಡು ಮಕ್ಕಳ ತಾಯಿಯಾಗಿದ್ದಾಳೆ. ಅವನೀಗ ಇನ್ನೊಬ್ಬ ಪೂಜಾರಿಣಿಯ ಹಿಂದೆ ಬಿದ್ದಿದ್ದಾನೆ. ಮೊದಲ ಅಂಕದಲ್ಲಿ ನಾರ್ಮಾ ಚಂದ್ರನನ್ನು ಕುರಿತು ಶಾಂತಿಗಾಗಿ ಹಾಡುವ 'ಕಾಸ್ತಾ ದಿವಾ' ಎಂಬ ಏರಿಯಾ ಬಹಳ ಪ್ರಸಿದ್ಧ. ಜನರ ಮುಂದೆ ದೇವತೆಯಂತೆ ನಿಂತು ಹಾಡುತ್ತಿರುವವಳ ಒಳಗೆ ಈ ಎಲ್ಲ ಗುಟ್ಟೂ ಇದೆ ಎಂಬುದನ್ನು ನೆನಪಿಟ್ಟು ಕೇಳಿದರೆ ಆ ಹಾಡೇ ಬೇರೆಯಾಗುತ್ತದೆ. ಕೊನೆಯ ದೃಶ್ಯದಲ್ಲಿ, ಪೂಜಾರಿಣಿಯೊಬ್ಬಳು ದ್ರೋಹ ಮಾಡಿದ್ದಾಳೆ, ಚಿತೆ ಸಿದ್ಧಗೊಳಿಸಿ ಎಂದು ನಾರ್ಮಾ ಸಾರುತ್ತಾಳೆ. ಯಾರವಳು ಎಂದು ಜನ ಕೂಗುತ್ತಾರೆ. ಆಕೆ ತಾನೇ ಎಂದು ಒಪ್ಪಿಕೊಳ್ಳುತ್ತಾಳೆ. ಇಟಾಲಿಯನ್‌ನಲ್ಲಿ ಅದು ಎರಡೇ ಪದ. ಸುತ್ತಲಿನ ಗದ್ದಲವೆಲ್ಲ ಅಡಗಿದ ಮೇಲೆ ಕ್ಯಾಲಸ್ ಆ ಎರಡು ಪದಗಳನ್ನು ಯಾವ ಅಬ್ಬರವೂ ಇಲ್ಲದೆ, ಭಾರ ಇಳಿಸಿದವಳಂತೆ ಹಾಡುತ್ತಾರೆ. ಇಡೀ ಒಪೆರಾ ಆ ಎರಡು ಪದಗಳಿಗಾಗಿ ಕಾದಿತ್ತು ಅನ್ನಿಸುತ್ತದೆ.

ಈಗ ಇಳಿಗಾಲ. ಅದನ್ನು ಮುಚ್ಚಿಡುವುದು ಸರಿಯಲ್ಲ. 1953 ಮತ್ತು 1954ರಲ್ಲಿ ಆಕೆ 30 ಕಿಲೋಗೂ ಹೆಚ್ಚು ತೂಕ ಇಳಿಸಿಕೊಂಡು, ದಪ್ಪನೆಯ ಹೆಣ್ಣುಮಗಳಾಗಿದ್ದವರು ಯುರೋಪಿನ ಅತ್ಯಂತ ಸೊಗಸಿನ ಮಹಿಳೆಯರ ಸಾಲಿಗೆ ಸೇರಿದರು. ಐವತ್ತರ ದಶಕದ ಕೊನೆಗೆ ತಾರಸ್ವರಗಳು ತೂಗಾಡತೊಡಗಿದವು. ಹಿಂದೆ ಹೇಳಿದ ವೈಬ್ರಾಟೊ ಹದ ಮೀರುವುದೆಂದರೆ ಇದೇ. ತೂಕ ಇಳಿದದ್ದರಿಂದ ಉಸಿರಿನ ಬಲ ಕುಗ್ಗಿತು ಎಂದು ಕೆಲವರು, ಎಳೆವಯಸ್ಸಿನಲ್ಲೇ ತೀರ ಭಾರದ ಪಾತ್ರಗಳನ್ನು ಹಾಡಿದ್ದರ ಫಲ ಎಂದು ಇನ್ನು ಕೆಲವರು, ಸ್ನಾಯುಗಳಿಗೆ ತಗಲಿದ ರೋಗ ಎಂದು ಮತ್ತೆ ಕೆಲವರು ವಾದಿಸುತ್ತ ಬಂದಿದ್ದಾರೆ. 1958ರ ಜನವರಿ 2ರಂದು ರೋಮ್‌ನಲ್ಲಿ, ಇಟಲಿಯ ರಾಷ್ಟ್ರಾಧ್ಯಕ್ಷರ ಎದುರಿಗೆ, 'ನಾರ್ಮಾ'ದ ಮೊದಲ ಅಂಕ ಮುಗಿಸಿ ದನಿ ಕೈಕೊಟ್ಟು ಹೊರನಡೆದರು. ಪತ್ರಿಕೆಗಳು ಅದನ್ನು ಅಹಂಕಾರವೆಂದು ಬರೆದವು. ಅದೇ ವರ್ಷದ ನವೆಂಬರ್‌ನಲ್ಲಿ ಪಾತ್ರಗಳ ಸರದಿಯ ವಿಷಯಕ್ಕೆ ಮನಸ್ತಾಪವಾಗಿ ನ್ಯೂಯಾರ್ಕ್‌ನ ಮೆಟ್ರೊಪಾಲಿಟನ್ ಒಪೆರಾ ಆಕೆಯ ಒಪ್ಪಂದವನ್ನು ರದ್ದುಪಡಿಸಿತು. ನಿನ್ನೆ ನಾಜೂಕಿನ ಪಾತ್ರ, ನಾಳೆ ಗರ್ಜಿಸುವ ಪಾತ್ರ ಎಂದು ದನಿಯನ್ನು ಎಳೆದಾಡಲು ಒಪ್ಪದ ಗಾಯಕಿಯನ್ನು ಜಗಳಗಂಟಿ ಎಂದು ಕರೆಯುವುದು ನನಗೆ ಅನ್ಯಾಯವೆನಿಸುತ್ತದೆ.

1959ರಲ್ಲಿ ಆಕೆ ಗಂಡನಿಂದ ದೂರವಾಗಿ ಗ್ರೀಕ್ ಹಡಗು ಉದ್ಯಮಿ ಅರಿಸ್ಟಾಟಲ್ ಒನಾಸಿಸ್ ಅವರ ಜೊತೆಯಾದರು. ಒನಾಸಿಸ್ 1968ರಲ್ಲಿ ಜಾಕ್ವೆಲಿನ್ ಕೆನಡಿ ಅವರನ್ನು ಮದುವೆಯಾದರು. ಈ ಬಗ್ಗೆ ಇಷ್ಟು ಸಾಕು.

1964ರಲ್ಲಿ ಲಂಡನ್‌ನಲ್ಲಿ ಫ್ರಾಂಕೊ ಜೆಫಿರೆಲ್ಲಿ ನಿರ್ದೇಶಿಸಿದ 'ತೊಸ್ಕಾ'ದಿಂದ ಆಕೆ ಮತ್ತೆ ಎದ್ದು ನಿಂತರು. ಎದುರಿಗೆ ದುಷ್ಟ ಪೊಲೀಸ್ ಅಧಿಕಾರಿ ಸ್ಕಾರ್ಪಿಯಾ ಆಗಿ ತಿಟೊ ಗೊಬ್ಬಿ. ಅದರ ಎರಡನೆಯ ಅಂಕವನ್ನು ಟೆಲಿವಿಷನ್‌ಗಾಗಿ ಚಿತ್ರೀಕರಿಸಿದರು. ಇಡೀ ಅಂಕದಲ್ಲಿ ಆಕೆಯ ಅಭಿನಯ ನೋಡಲು ನಮಗೆ ಉಳಿದಿರುವ ಅಮೂಲ್ಯ ದಾಖಲೆ ಅದು. ಮರುವರ್ಷ ಮೇ ತಿಂಗಳಲ್ಲಿ ಪ್ಯಾರಿಸ್‌ನಲ್ಲಿ 'ನಾರ್ಮಾ'ವನ್ನು ಪೂರ್ತಿ ಮುಗಿಸಲಾಗಲಿಲ್ಲ. 1965ರ ಜುಲೈ 5ರಂದು ಲಂಡನ್ನಿನ ಕವೆಂಟ್ ಗಾರ್ಡನ್ ಮಂದಿರದಲ್ಲಿ ತೊಸ್ಕಾ ಹಾಡಿದ್ದೇ ಒಪೆರಾ ರಂಗದ ಮೇಲೆ ಆಕೆಯ ಕೊನೆಯ ರಾತ್ರಿ. ಆಗ ವಯಸ್ಸು ನಲವತ್ತೊಂದು.

ಆಮೇಲೆ ಪಾಸೊಲಿನಿಯ 'ಮೆದೆಯಾ' ಚಿತ್ರದಲ್ಲಿ ಹಾಡಿಲ್ಲದ ಪಾತ್ರ ಮಾಡಿದರು. 1971–72ರಲ್ಲಿ ನ್ಯೂಯಾರ್ಕ್‌ನ ಜೂಲಿಯಾರ್ಡ್ ಸಂಗೀತಶಾಲೆಯಲ್ಲಿ ಯುವ ಗಾಯಕರಿಗೆ ಪಾಠ ಹೇಳಿದರು. ಆ ಪಾಠಗಳ ಧ್ವನಿಮುದ್ರಣಗಳಿವೆ. ವಿದ್ಯಾರ್ಥಿ ಹಾಡುತ್ತಿರುವಾಗ ಆಕೆ ನಡುವೆ ನಿಲ್ಲಿಸಿ ಒಂದು ಪದದ ಉಚ್ಚಾರಣೆ ತಿದ್ದುತ್ತಾರೆ, ರಚನಕಾರ ಹಾಕಿದ ಚಿಹ್ನೆಯೊಂದನ್ನು ನೆನಪಿಸುತ್ತಾರೆ. ಕೆಲವೊಮ್ಮೆ ತಾವೇ ಹಾಡಿ ತೋರಿಸುತ್ತಾರೆ. ದನಿ ಸವೆದಿದೆ, ತಿಳಿವು ಸವೆದಿಲ್ಲ. 1973 ಮತ್ತು 1974ರಲ್ಲಿ ಟೆನರ್ ಜುಸೆಪ್ಪೆ ದಿ ಸ್ತೆಫಾನೊ ಜೊತೆ ಕಚೇರಿಗಳ ಪ್ರವಾಸ ಕೈಗೊಂಡರು. ಅದು 1974ರ ನವೆಂಬರ್‌ನಲ್ಲಿ ಜಪಾನಿನ ಸಪ್ಪೊರೊದಲ್ಲಿ ಮುಗಿಯಿತು. 1977ರ ಸೆಪ್ಟೆಂಬರ್ 16ರಂದು ಪ್ಯಾರಿಸ್‌ನ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಐವತ್ಮೂರು ವರ್ಷ. ಆಕೆಯ ಚಿತಾಭಸ್ಮವನ್ನು 1979ರಲ್ಲಿ ಏಜಿಯನ್ ಸಮುದ್ರದಲ್ಲಿ ಬಿಟ್ಟರು.

ನೀವು ಕೇಳಲು ಆರಂಭಿಸುವುದಾದರೆ ನನ್ನ ಸಲಹೆ ಹೀಗಿದೆ. ಮೊದಲು ಸೆರಫಿನ್ ನಡೆಸಿದ 1954ರ 'ನಾರ್ಮಾ' ಧ್ವನಿಮುದ್ರಣದಿಂದ 'ಕಾಸ್ತಾ ದಿವಾ' ಒಂದನ್ನೇ ಕೇಳಿ, ಅದರ ಹಿಂದಿನ ರೆಚಿಟಾಟಿವೊ ಸಮೇತ. ಒಂದೆರಡು ದಿನ ಬಿಟ್ಟು 1964ರ 'ತೊಸ್ಕಾ'ದ ಎರಡನೆಯ ಅಂಕವನ್ನು ನೋಡಿ. ಅಲ್ಲಿ ಕಣ್ಣು ನಿಮಗೆ ಸಹಾಯ ಮಾಡುತ್ತದೆ. ಅದು ಹಿಡಿಸಿದರೆ ವಿಕ್ಟರ್ ದೆ ಸಬಾಟಾ ನಡೆಸಿದ 1953ರ 'ತೊಸ್ಕಾ'ದ ಪೂರ್ತಿ ಧ್ವನಿಮುದ್ರಣ ಕೇಳಿ. ಒಪೆರಾ ಧ್ವನಿಮುದ್ರಣಗಳಲ್ಲಿ ಅದಕ್ಕೆ ಸಮನಾದದ್ದು ವಿರಳ. ಲಿಸ್ಬನ್‌ನ 'ತ್ರಾವಿಯಾತಾ'ವನ್ನು ಕಡೆಗೆ ಇಟ್ಟುಕೊಳ್ಳಿ. ಅದರ ಮುದ್ರಣದ ಗುಣಮಟ್ಟ ಸಾಧಾರಣ, ಪ್ರೇಕ್ಷಕರ ಕೆಮ್ಮೂ ಕೇಳಿಸುತ್ತದೆ. ಕಿವಿ ಸ್ವಲ್ಪ ಪಳಗಿದ ಮೇಲೆ ಅದಾವುದೂ ಅಡ್ಡಿಯಾಗದು. ಮೊದಲ ಸಲ ದನಿ ಹಿಡಿಸದಿದ್ದರೆ ಅಲ್ಲಿಗೇ ಕೈಬಿಡಬೇಡಿ, ಅದೇ ಹಾಡನ್ನು ಇನ್ನೊಮ್ಮೆ ಹಾಕಿ. ಲಿಬ್ರೆಟೊ ಮತ್ತು ಅದರ ಅನುವಾದವನ್ನು ಮಾತ್ರ ಪ್ರತಿ ಸಲವೂ ಪಕ್ಕದಲ್ಲಿಟ್ಟುಕೊಂಡು, ಆಕೆ ಹಾಡುತ್ತಿರುವ ಪದ ಯಾವುದೆಂದು ಬೆರಳಿಟ್ಟು ಓದುತ್ತ ಕೇಳಿ.